ಮೀನಿಗೆಂದು ಹೊಳೆಗೆ ಹೊರಟವರ ಚೀಲದಲ್ಲಿ ಏನಿರಬೇಕು?



ಮಕ್ಕಳ ಪರೀಕ್ಷೆಗಳು ಮುಗಿದು ರಜೆ ಆರಂಭವಾಗುವ ಹೊತ್ತಿಗೆ ಕೊಕಟನೂರ ಕಡೆಯ ತಂದೆಯೊಬ್ಬರು ಗುರುಮನೆಗೆ ಬಂದು ಒಂದು ಪ್ರಶ್ನೆ ಕೇಳಿದರು. "ಫಾದರ್, ಹುಡುಗರು ಹೊಳಿಗೆ ಮೀನ ಹಿಡಿಯಾಕ ಹೊಂಟಾರ. ಮುಂಜಾನೆ ಹೋಗಿ ಸಂಜಿಕ ಬರ್ತೀವಿ ಅಂತಾರ. ಏನೇನ ಕಟ್ಟಿ ಕಳಸೂಣ್ರಿ?" ಅವರು ಕೇಳಿದ್ದು ಬುತ್ತಿಯ ವಿಷಯ. ನಾನು ಉತ್ತರ ಕೊಟ್ಟದ್ದು ಹಗ್ಗದ ವಿಷಯ. ಅವರು ನನ್ನ ಮುಖವನ್ನೇ ನೋಡಿದರು. ನಾನು ಏಕೆ ಹಾಗೆ ಹೇಳಿದೆನೆಂಬುದನ್ನು ಈ ವಾರ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಕೊಕಟನೂರ ಹೊಳೆದಂಡೆಯ ಊರಲ್ಲ. ಅದು ಬಹುಕಾಲದಿಂದ ಮಳೆಯನ್ನೂ ಬಾವಿಯನ್ನೂ ನಂಬಿಕೊಂಡು ಬಂದ ನೆಲ. ಕೃಷ್ಣೆ ಹರಿಯುವುದು ಅಥಣಿಯ ದಕ್ಷಿಣಕ್ಕೆ, ದರೂರ, ಹಲ್ಯಾಳ, ಸಪ್ತಸಾಗರ, ನದಿಇಂಗಳಗಾಂವಗಳ ಮಗ್ಗುಲಲ್ಲಿ. ಅಲ್ಲಿಯ ಮಕ್ಕಳು ಹೊಳೆಯನ್ನು ನೋಡುತ್ತಲೇ ಬೆಳೆದವರು. ಯಾವ ತಿಂಗಳು ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎಂಬುದನ್ನು ಅವರಿಗೆ ಯಾರೂ ಪಾಠ ಮಾಡಿ ಕಲಿಸಬೇಕಾಗಿಲ್ಲ. ನಮ್ಮ ಒಣಭೂಮಿಯ ಮಕ್ಕಳು ಈಜು ಕಲಿತದ್ದು ಬಾವಿಯಲ್ಲಿ, ಬೆನ್ನಿಗೆ ಖಾಲಿ ಡಬ್ಬ ಕಟ್ಟಿಕೊಂಡು. ಬಾವಿಯ ನೀರು ನಿಂತ ನೀರು. ಕೈ ಸೋತರೆ ನಾಲ್ಕು ಮೊಳ ಆಚೆಗೆ ಮೆಟ್ಟಿಲು ಇರುತ್ತದೆ. ಹೊಳೆಯ ನೀರು ನಡೆಯುವ ನೀರು. ಬಾವಿಯಲ್ಲಿ ಕಲಿತ ಧೈರ್ಯವನ್ನು ಹೊಳೆಗೆ ಒಯ್ಯುವ ಹುಡುಗನ ಬಗ್ಗೆಯೇ ನನಗೆ ಹೆಚ್ಚು ಭಯ. ಈಜು ಬಾರದವನು ದಡದಲ್ಲೇ ಕುಳಿತಿರುತ್ತಾನೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹದಿನೈದು ವರ್ಷಗಳ ಹಿಂದೆ, ಹೊಸದಾಗಿ ಗುರುದೀಕ್ಷೆ ಪಡೆದು ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದಾಗ, ಪುನರುತ್ಥಾನದ ಹಬ್ಬದ ಮರುದಿನ ಹನ್ನೊಂದು ಮಂದಿ ಪೀಠಬಾಲಕರನ್ನು ಕೃಷ್ಣೆಯ ದಂಡೆಗೆ ಕರೆದುಕೊಂಡು ಹೋದೆ. ನಲವತ್ತು ದಿನಗಳ ತಪಸ್ಸುಕಾಲ ಮುಗಿಸಿದ ಮಕ್ಕಳಿಗೆ ಒಂದು ದಿನದ ಸಂತೋಷವಿರಲಿ ಎಂದುಕೊಂಡಿದ್ದೆ. ನಾವು ಏನೇನು ಒಯ್ದಿದ್ದೆವೆಂದು ಈಗಲೂ ಹೇಳಬಲ್ಲೆ: ದೊಡ್ಡ ಪಾತೇಲಿ, ಎಣ್ಣೆ, ಮಸಾಲೆ ಖಾರ, ಚೆಂಡು, ಗಿಟಾರು, ಹನ್ನೆರಡು ಗಾಳ. ಮೀನು ಸಿಕ್ಕರೆ ಸಾರು ಮಾಡಲು ಹುಣಸೆಹಣ್ಣನ್ನು ಸಹ ಮರೆತಿರಲಿಲ್ಲ. ಹಗ್ಗ ಇರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಹದಿಮೂರು ವರ್ಷದ ಒಬ್ಬ ಹುಡುಗನ ಗಾಳ ನೀರಿನೊಳಗೆ ಯಾವುದೋ ಬೇರಿಗೆ ಸಿಕ್ಕಿಕೊಂಡಿತು. ಐದು ರೂಪಾಯಿಯ ಗಾಳ. ಅದನ್ನು ಬಿಡಿಸಲೆಂದು ಅವನು ಇಳಿದ. ನೀರು ಮೊಣಕಾಲು ಮಟ್ಟ, ತೊಡೆ ಮಟ್ಟ, ಮುಂದಿನ ಹೆಜ್ಜೆಗೆ ಅವನೇ ಇಲ್ಲ. ಅಲ್ಲಿ ಮರಳು ತೆಗೆದ ಗುಂಡಿ ಇತ್ತು. ಮೇಲಿನಿಂದ ನೋಡಿದರೆ ಸುತ್ತಲಿನ ನೀರಿನಂತೆಯೇ ಕಾಣುತ್ತಿತ್ತು. ನನಗೆ ಈಜು ಬರುವುದಿಲ್ಲ. ಇಬ್ಬರು ದೊಡ್ಡ ಹುಡುಗರು ಹಾರಲು ಮುಂದಾದರು, ಅವರ ಅಂಗಿ ಹಿಡಿದು ಎಳೆದೆ. ಆ ಕ್ಷಣದಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು. ಆದರೆ ಅದಕ್ಕಾಗಿ ಆ ಹುಡುಗರು ಅಂದು ನನ್ನನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ.

ಹತ್ತಿರದಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ತಾಯಿ ಎದ್ದು ಬಂದರು. ಒಗೆದಿಟ್ಟ ಎರಡು ಸೀರೆಗಳ ಸೆರಗು ಸೇರಿಸಿ ಗಂಟು ಹಾಕಿ, ತುದಿಗೆ ತಮ್ಮ ತಾಮ್ರದ ತಂಬಿಗೆ ಕಟ್ಟಿ ಎಸೆದರು. ಮೊದಲ ಸಲ ತಾಗಲಿಲ್ಲ. ಎರಡನೆಯ ಸಲ ಹುಡುಗನ ಕೈಗೆ ಸಿಕ್ಕಿತು. ಅವರು ನಮ್ಮ ಧರ್ಮದವರಲ್ಲ, ನಮ್ಮ ಹೆಸರನ್ನೂ ಕೇಳಲಿಲ್ಲ. "ಹಗ್ಗ ತರದ ಹೊಳಿಗೆ ಯಾಕ ಬಂದ್ರಿ?" ಎಂದಷ್ಟೇ ಕೇಳಿ ಸೀರೆ ಹಿಂಡಿಕೊಂಡು ಹೋದರು.

ಆದ್ದರಿಂದ ಚೀಲದೊಳಗೆ ಮೊದಲು ಇಡಬೇಕಾದದ್ದು ಹಗ್ಗ. ಬೆರಳು ದಪ್ಪದ ನೈಲಾನ್ ಹಗ್ಗ, 15ರಿಂದ 20 ಮೀಟರ್ ಉದ್ದದ್ದು. ಅದರ ಒಂದು ತುದಿಗೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನನ್ನು ಬಿಗಿಯಾಗಿ ಮುಚ್ಚಳ ಹಾಕಿ ಕಟ್ಟಿ. ಕ್ಯಾನಿನಲ್ಲಿ ಒಂದು ಲೋಟದಷ್ಟು ನೀರು ಬಿಡಿ. ಪೂರ್ತಿ ಖಾಲಿ ಇದ್ದರೆ ಗಾಳಿಗೆ ಅಡ್ಡ ಹಾರುತ್ತದೆ; ಸ್ವಲ್ಪ ತೂಕವಿದ್ದರೆ ಎಸೆದ ಕಡೆಗೆ ಹೋಗಿ ಬೀಳುತ್ತದೆ, ಆದರೂ ತೇಲುತ್ತದೆ. ಇನ್ನೊಂದು ತುದಿಗೆ ಕೈ ತೂರುವಷ್ಟು ಕುಣಿಕೆ ಇರಲಿ. ಮನೆಯಂಗಳದಲ್ಲಿ ಒಂದು ಬಕೆಟ್ ಇಟ್ಟು ಹತ್ತು ಸಲ ಎಸೆದು ನೋಡಿ. ಮೊದಲ ಐದು ಸಲ ಖಂಡಿತ ತಪ್ಪುತ್ತದೆ. ಹೊಳೆಯಲ್ಲಿ ತಪ್ಪುವುದಕ್ಕಿಂತ ಅಂಗಳದಲ್ಲಿ ತಪ್ಪುವುದು ಒಳ್ಳೆಯದು. ದಡ ಮುಟ್ಟಿದ ಕೂಡಲೇ ಹಗ್ಗವನ್ನು ಚೀಲದಿಂದ ತೆಗೆದು ಎಲ್ಲರಿಗೂ ಕಾಣುವಂತೆ ಹೊರಗಿಡಬೇಕು, ಪಾತೇಲಿಯ ಅಡಿಯಲ್ಲಿ ಅಲ್ಲ. ಕೋಲು ಚಾಚು, ಹಗ್ಗ ಎಸೆ, ಹಾರಬೇಡ ಎಂಬ ಮೂರು ಮಾತುಗಳನ್ನು ಮಕ್ಕಳಿಗೆ ಮನೆಯಲ್ಲೇ ಬಾಯಿಪಾಠ ಮಾಡಿಸಿ. ಒಬ್ಬನು ಮುಳುಗುವಾಗ ಅವನ ಹಿಂದೆ ಅಣ್ಣನೋ ಗೆಳೆಯನೋ ಹಾರಿ, ಒಂದು ಮನೆಯಿಂದ ಎರಡು ಹೆಣ ಹೊರಟ ಸುದ್ದಿಗಳನ್ನು ನಾವೆಲ್ಲರೂ ಪತ್ರಿಕೆಯಲ್ಲಿ ಓದಿದ್ದೇವೆ.

ಇಲ್ಲಿ ಸಂತ ಪೇತ್ರನ ನೆನಪಾಗುತ್ತದೆ. ಯೊವಾನ್ನರ ಶುಭಸಂದೇಶದ 21ನೆಯ ಅಧ್ಯಾಯದಲ್ಲಿ ಅವನು ದೋಣಿಯಿಂದ ಸಮುದ್ರಕ್ಕೆ ಧುಮುಕುವ ಮುನ್ನ ಕಳಚಿಟ್ಟಿದ್ದ ಮೇಲಂಗಿಯನ್ನು ತೊಟ್ಟುಕೊಳ್ಳುತ್ತಾನೆ. ಪ್ರಭುವಿನ ಮುಂದೆ ನಿಲ್ಲುವ ಗೌರವದಿಂದ ಹಾಗೆ ಮಾಡಿದನೆಂದು ವ್ಯಾಖ್ಯಾನಕಾರರು ಹೇಳುತ್ತಾರೆ, ಸರಿಯೇ. ಆದರೆ ಪೇತ್ರ ಹುಟ್ಟಾ ಬೆಸ್ತ. ನಮ್ಮ ಮಕ್ಕಳು ಜೀನ್ಸ್ ಪ್ಯಾಂಟು ತೊಟ್ಟು ನೀರಿಗೆ ಇಳಿಯಬಾರದು. ನೀರು ಕುಡಿದ ದಪ್ಪ ಬಟ್ಟೆ ಕಾಲಿಗೆ ಕಟ್ಟಿದ ಕಲ್ಲಿನಂತೆ ಆಗುತ್ತದೆ. ತೆಳು ಚಡ್ಡಿ, ಅರ್ಧ ತೋಳಿನ ಅಂಗಿ, ತಲೆಗೆ ಟವೆಲ್ಲು ಅಥವಾ ಟೋಪಿ, ಕಾಲಿಗೆ ಹಳೆಯ ಕ್ಯಾನ್ವಾಸ್ ಬೂಟು ಇದ್ದರೆ ಸಾಕು. ರಬ್ಬರ್ ಚಪ್ಪಲಿ ಎರೆಮಣ್ಣಿನ ದಡದಲ್ಲಿ ಜಾರುತ್ತದೆ.

ಎರಡನೆಯ ವಸ್ತು ಕೇಳಿದರೆ ನೀವು ನಗಬಹುದು: ಒಂದು ಗೇಣುದ್ದದ ಗೂಟ, ಅದಕ್ಕೆ ಕಟ್ಟಲು ಕೆಂಪು ಬಟ್ಟೆಯ ಚೂರು. ದಡಕ್ಕೆ ಹೋದ ತಕ್ಷಣ ನೀರಿನ ಅಂಚಿನಲ್ಲಿ ಅದನ್ನು ನೆಡಬೇಕು. ಕಾಲು ಗಂಟೆಗೊಮ್ಮೆ ಒಬ್ಬರು ಅದನ್ನು ನೋಡಬೇಕು. ಗೂಟದ ಬುಡಕ್ಕೆ ನೀರು ಬಂದಿದ್ದರೆ ಗಾಳ ಸುತ್ತಿ ಮೇಲೆ ಬನ್ನಿ, ಮೀನು ಕಚ್ಚುತ್ತಿದ್ದರೂ ಸರಿ.

ಇದರ ಕಾರಣವನ್ನು ತಿಳಿಯಬೇಕು. ನಮ್ಮ ಕೃಷ್ಣೆ ನಮ್ಮ ಮಳೆಯಿಂದ ಮಾತ್ರ ಏರುವುದಿಲ್ಲ. ಮಹಾಬಳೇಶ್ವರದಲ್ಲಿ ಹುಟ್ಟಿ, ಕರಾಡದಲ್ಲಿ ಕೊಯ್ನಾ, ಸಾಂಗಲಿ ಬಳಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ, ಚಿಕ್ಕೋಡಿ ತಾಲೂಕಿನಲ್ಲಿ ದೂಧಗಂಗಾ ಇವನ್ನೆಲ್ಲ ಕೂಡಿಸಿಕೊಂಡು ನಮ್ಮಲ್ಲಿಗೆ ಬರುತ್ತಾಳೆ. ಕೊಯ್ನಾ ಅಣೆಕಟ್ಟೆಯೊಂದೇ ಸುಮಾರು 105 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಅಲ್ಲಿ ಬಾಗಿಲು ತೆರೆದರೆ ಇಲ್ಲಿ ಆಕಾಶ ತಿಳಿಯಾಗಿದ್ದರೂ ಹೊಳೆ ಏರುತ್ತದೆ. 2005, 2019 ಮತ್ತು 2021ರ ನೆರೆಯಲ್ಲಿ ಅಥಣಿ ಸೀಮೆ ಅದನ್ನು ಕಣ್ಣಾರೆ ಕಂಡಿದೆ. ಅದು ಮಳೆಗಾಲದ ಮಾತು, ಬೇಸಿಗೆಯಲ್ಲಿ ಏನು ಭಯ ಎನ್ನುವವರಿದ್ದಾರೆ. ಆದರೆ ಹೊಳೆ ಬತ್ತಿ ಕುಡಿಯುವ ನೀರಿಗೆ ಹಾಹಾಕಾರವಾದಾಗ, ನಮ್ಮ ಸರ್ಕಾರ ಮಹಾರಾಷ್ಟ್ರವನ್ನು ಕೇಳಿಕೊಂಡು ಕೊಯ್ನಾ, ವಾರಣಾ ನೀರನ್ನು ಬಿಡಿಸಿಕೊಂಡ ಬೇಸಿಗೆಗಳು ಹಲವಿವೆ. ಏಪ್ರಿಲ್ ತಿಂಗಳಲ್ಲಿ ಮರಳಿನ ದಿಬ್ಬದ ಮೇಲೆ ಕುಳಿತು ಗಾಳ ಹಾಕಿದವನ ಹಿಂದೆ ನೀರು ಬಂದು ಸೇರಿದರೆ, ಅವನು ಕುಳಿತ ಜಾಗ ನಡುಗಡ್ಡೆಯಾಗುತ್ತದೆ. ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿನಲ್ಲೂ, ಅದರ ಬಾಗಿಲುಗಳ ಕೆಳಗೂ ನೀರಿನ ಮಟ್ಟ ಬಾಗಿಲು ಎತ್ತಿದಂತೆ ಇಳಿಸಿದಂತೆ ಬದಲಾಗುತ್ತದೆ. ಬ್ಯಾರೇಜಿನ ಬಾಗಿಲ ಬಳಿ ಮೀನು ಹೆಚ್ಚು ಸಿಗುತ್ತದೆಂಬುದು ನಿಜ. ಅಲ್ಲಿಗೆ ಮಕ್ಕಳನ್ನು ಕಳುಹಿಸಬೇಡಿ.

ಇವೆಲ್ಲವನ್ನೂ ನಮಗಿಂತ ಚೆನ್ನಾಗಿ ಬಲ್ಲವರು ದಡದಲ್ಲೇ ಇರುತ್ತಾರೆ. ಹರಿಗೋಲು ಹಾಕುವ ಅಂಬಿಗರು, ಬಲೆ ಬೀಸುವವರು, ದನ ಮೈತೊಳೆಯಲು ಬಂದ ರೈತರು. ಗುರುಮಠದಲ್ಲಿ ನಾವು ಸಂತ ತೋಮಸ್ ಅಕ್ವಿನಾಸರನ್ನು ಓದುವಾಗ, ಅವರು ವಿವೇಕವೆಂಬ ಸದ್ಗುಣಕ್ಕೆ ಎಂಟು ಅಂಗಗಳನ್ನು ಹೇಳಿರುವುದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆವು. ಅವುಗಳಲ್ಲಿ ಮುಂದಾಲೋಚನೆಯೂ ಇದೆ, ಎಚ್ಚರಿಕೆಯೂ ಇದೆ. ಜೊತೆಗೆ ಬಲ್ಲವರಿಂದ ಕಲಿಯಲು ಸಿದ್ಧವಾಗಿರುವ ಗುಣವೂ ಒಂದು. ಆಗ ಅದನ್ನು ನಾನು ಉಪಾಧ್ಯಾಯರ ಮುಂದೆ ಕೈಕಟ್ಟಿ ನಿಲ್ಲುವುದೆಂದು ತಿಳಿದಿದ್ದೆ. ಬಟ್ಟೆ ಒಗೆಯುವ ತಾಯಿಯನ್ನು "ಅವ್ವಾ, ಇಲ್ಲಿ ಆಳ ಎಲ್ಲಿ ಐತಿ?" ಎಂದು ಕೇಳುವುದೂ ಅದೇ ಎಂದು ತಿಳಿಯಲು ಒಂದು ಹುಡುಗನ ಪ್ರಾಣ ಹೋಗಿ ಬರಬೇಕಾಯಿತು. ಚೀಲದಲ್ಲಿ ಎರಡು ಹೆಚ್ಚಿನ ರೊಟ್ಟಿ, ಸ್ವಲ್ಪ ಎಲೆ ಅಡಿಕೆ ಇಟ್ಟುಕೊಂಡು ಹೋಗಿ. ಕುಳಿತು ಮಾತಾಡಿದರೆ ಅವರು ಎಲ್ಲವನ್ನೂ ಹೇಳುತ್ತಾರೆ.

ಅವರು ಮೊದಲು ಹೇಳುವುದು ಮೊಸಳೆಯ ವಿಷಯ. ಸಾಂಗಲಿಯಿಂದ ನಮ್ಮ ಕಡೆಗೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ಇದು ಅಜ್ಜಿ ಕತೆಯಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅವು ದಡದ ಮಣ್ಣಿನಲ್ಲಿ ಮೊಟ್ಟೆ ಇಡುತ್ತವೆ, ಸುಮಾರು ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ಅಷ್ಟೂ ಕಾಲ ತಾಯಿ ಹತ್ತಿರದಲ್ಲೇ ಕಾವಲಿರುತ್ತದೆ. ಅದು ನಮ್ಮ ಮಕ್ಕಳ ರಜೆಯ ಕಾಲವೂ ಹೌದು, ನೀರು ಕಡಿಮೆಯಾಗಿ ಮೊಸಳೆಗಳು ಮಡುವಿಗೆ ಸೇರುವ ಕಾಲವೂ ಹೌದು. ಹಿಡಿದ ಮೀನನ್ನು ದಾರಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡು ಮೊಣಕಾಲು ನೀರಿನಲ್ಲಿ ನಿಲ್ಲುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬಿಡಿ. ಮೀನಿನ ಕರುಳನ್ನು ಕುಳಿತ ಜಾಗದಲ್ಲೇ ನೀರಿಗೆ ಎಸೆಯಬೇಡಿ. ದೂರ ಒಯ್ದು ಹೂಳಲು ಒಂದು ಖುರಪಿ ಇಟ್ಟುಕೊಳ್ಳಿ. ಸೂರ್ಯ ಇಳಿಯುವ ಮೊದಲೇ ದಡ ಬಿಟ್ಟು ಮೇಲೇರಿ. ಮೊಸಳೆಗೆ ಕಲ್ಲು ಹೊಡೆಯುವುದು, ಮೊಟ್ಟೆ ಕೆದಕುವುದು ಮೂರ್ಖತನ ಮಾತ್ರವಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಇನ್ನೊಂದು ಅಪಾಯ ನಮ್ಮ ಕಬ್ಬಿನ ಸೀಮೆಗೆ ವಿಶೇಷವಾದದ್ದು. ದಂಡೆಯ ಉದ್ದಕ್ಕೂ ಪಂಪ್‌ಸೆಟ್‌ಗಳು, ಅವುಗಳ ಕೇಬಲ್‌ಗಳು ನೆಲದ ಮೇಲೆ, ಕೆಲವೆಡೆ ನೀರಿನಲ್ಲೇ ಬಿದ್ದಿರುತ್ತವೆ. ಮೋಟರು ನಡೆಯುವ ಜಾಗದಲ್ಲಿ ನೀರಿಗೆ ಕಾಲಿಡಬೇಡಿ. ಉದ್ದ ಕೋಲನ್ನು ಹೆಗಲ ಮೇಲೆ ನೆಟ್ಟಗೆ ಹಿಡಿದು ತಂತಿಯ ಕೆಳಗೆ ನಡೆಯಬೇಡಿ. ಒದ್ದೆ ಬಿದಿರೂ ವಿದ್ಯುತ್ ಹರಿಸುತ್ತದೆ.

ಈಗ ಗಾಳದ ಸಾಮಾನಿಗೆ ಬರೋಣ. ಹುಡುಗರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು, ಆದ್ದರಿಂದ ಹೆಚ್ಚು ಬರೆಯುವುದಿಲ್ಲ. ಗಾಳ, ದಾರ, ಬೆಂಡು, ಸೀಸದ ಗುಂಡು, ಹಸಿ ಮಣ್ಣಿನ ಡಬ್ಬಿಯಲ್ಲಿ ಎರೆಹುಳು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಗೋಧಿಹಿಟ್ಟಿನ ಕಣಕ. ಗಾಳಗಳನ್ನು ಬಿಡಿಯಾಗಿ ಜೇಬಿಗೆ ಹಾಕಬೇಡಿ. ಹಳೆಯ ರಬ್ಬರ್ ಚಪ್ಪಲಿಯ ಒಂದು ತುಂಡಿಗೆ ಚುಚ್ಚಿ ಡಬ್ಬಿಯಲ್ಲಿಡಿ. ಹರಿದ ನೈಲಾನ್ ದಾರವನ್ನು ದಡದಲ್ಲಿ ಎಸೆದು ಬಂದರೆ ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಸುತ್ತಿ ತನ್ನಿ. ಎಲ್ಲಿ ಪರವಾನಗಿ ಬೇಕು, ಯಾವ ಭಾಗ ಗುತ್ತಿಗೆಯಲ್ಲಿದೆ ಎಂಬುದನ್ನು ತಾಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ ತಿಳಿದುಕೊಳ್ಳಿ. ಮಳೆಗಾಲದ ಮೊದಲ ತಿಂಗಳುಗಳು ಮೀನು ಮೊಟ್ಟೆ ಇಡುವ ಕಾಲ, ಹೊಳೆಯೂ ಕೆಂಪಾಗಿ ಹರಿಯುವ ಕಾಲ. ಆಗ ಹೋಗುವುದೇ ಬೇಡ. ತೋಟೆ ಸಿಡಿಸಿ, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಕಾಯ್ದೆಯೇ ನಿಷೇಧಿಸಿದೆ. ತೋಟೆ ಸಿಡಿದು ಕೈ ಕಳೆದುಕೊಂಡವರನ್ನು ನೀವೂ ನೋಡಿರಬಹುದು. ಇನ್ನು ಬಾಟಲಿ. ಅದು ಚೀಲದಲ್ಲಿದ್ದರೆ ಹಗ್ಗ ಇದ್ದೂ ಇಲ್ಲದಂತೆ. ಇಷ್ಟೇ ಹೇಳುತ್ತೇನೆ, ಏಕೆಂದರೆ ಇದನ್ನು ಓದಬೇಕಾದವರು ಹುಡುಗರಲ್ಲ, ಅಪ್ಪಂದಿರು.

ಔಷಧಿಯ ಡಬ್ಬಿಯಲ್ಲಿ ಹತ್ತಿ, ಬ್ಯಾಂಡೇಜು, ಸಾಬೂನು, ಒಂದು ಪಕ್ಕಡ ಇರಲಿ. ಗಾಳ ಬೆರಳಿಗೆ ಮುಳ್ಳಿನ ಸಮೇತ ಚುಚ್ಚಿಕೊಂಡರೆ ಹಿಂದಕ್ಕೆ ಎಳೆಯಬಾರದು, ಮಾಂಸ ಹರಿಯುತ್ತದೆ. ದಾರವನ್ನು ಪಕ್ಕಡದಿಂದ ಕತ್ತರಿಸಿ, ಗಾಳ ಅಲುಗದಂತೆ ಬಟ್ಟೆ ಸುತ್ತಿ ಆಸ್ಪತ್ರೆಗೆ ಹೋಗಿ. ಧನುರ್ವಾಯುವಿನ ಚುಚ್ಚುಮದ್ದನ್ನೂ ಕೇಳಿ. ಕಣ್ಣಿನ ಹತ್ತಿರವಾದರೆ ಮುಟ್ಟಲೇಬೇಡಿ. ಚೇಳುಮೀನಿನ ಮುಳ್ಳು ಚುಚ್ಚಿದರೆ ಚೇಳು ಕಡಿದಷ್ಟೇ ಉರಿ. ಕೈ ತಾಳುವಷ್ಟು ಬಿಸಿಯಾದ, ಆದರೆ ಸುಡದ ನೀರಿನಲ್ಲಿ ಆ ಭಾಗವನ್ನು ಅರ್ಧ ಗಂಟೆಗೂ ಹೆಚ್ಚು ಹೊತ್ತು ಮುಳುಗಿಸಿಡಿ, ನೋವು ತಗ್ಗುತ್ತದೆ. ಇದಕ್ಕಾಗಿ ಒಂದು ಥರ್ಮಾಸಿನಲ್ಲಿ ಬಿಸಿನೀರು ಒಯ್ದರೆ ಚಹಾಕ್ಕೂ ಆಯಿತು, ಮದ್ದಿಗೂ ಆಯಿತು. ದಡದಲ್ಲಿ ಕಾಣುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದ ನೀರುಹಾವು. ಆದರೂ ಯಾವುದೇ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಕಚ್ಚಿದ ಕಾಲಿಗೆ ಕೋಲಿಟ್ಟು ಅಲುಗದಂತೆ ಕಟ್ಟಿ, ನಡೆಸದೆ ಹೊತ್ತು, ವಾಹನದಲ್ಲಿ ನೇರ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಮಂತ್ರ ಹಾಕಿಸಲು ದಾರಿಯಲ್ಲಿ ನಿಲ್ಲಬೇಡಿ.

ನೀರಿನಿಂದ ತೆಗೆದವನು ಉಸಿರಾಡದಿದ್ದರೆ ಏನು ಮಾಡಬೇಕೆಂಬುದನ್ನು ಪ್ರತಿ ಮನೆಯಲ್ಲಿ ಒಬ್ಬರಾದರೂ ಕಲಿಯಬೇಕು. ಕಾಲು ಹಿಡಿದು ಗರಗರ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮ ಕಡೆಯ ರೂಢಿ. ಅದರಲ್ಲಿ ಇರುವ ಸ್ವಲ್ಪ ಸಮಯವೂ ಹೋಗುತ್ತದೆ. ಅಂಗಾತ ಮಲಗಿಸಿ, ಗದ್ದ ಎತ್ತಿ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಿ. ಎಚ್ಚರವಾಗದಿದ್ದರೆ ಎದೆಯ ನಡುವೆ ಅಂಗೈಯ ಬುಡದಿಂದ ಗಟ್ಟಿಯಾಗಿ, ವೇಗವಾಗಿ 30 ಸಲ ಒತ್ತಿ, ಮತ್ತೆ 2 ಉಸಿರು ಕೊಡಿ. 108 ವಾಹನ ಬರುವವರೆಗೆ ನಿಲ್ಲಿಸಬೇಡಿ. ನಮ್ಮ ಹುಡುಗನಿಗೆ ಇದರ ಅಗತ್ಯ ಬೀಳಲಿಲ್ಲ. ಬಿದ್ದಿದ್ದರೆ ಅಂದು ನನಗೆ ತಿಳಿದಿರಲಿಲ್ಲ.

ಬುತ್ತಿಯ ವಿಷಯವನ್ನು ಆ ತಂದೆ ಕೇಳಿದ್ದರಲ್ಲವೇ? ಅದು ಸುಲಭ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಬೆಲ್ಲ. ಕೆಡುವುದಿಲ್ಲ, ಪಾತ್ರೆ ಬೇಕಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ತಲೆಗೆ ಮೂರು ಲೀಟರಿನಷ್ಟಾದರೂ ಮನೆಯ ಕುಡಿಯುವ ನೀರು ಬೇಕು. ಹೊಳೆಯ ನೀರನ್ನು ಹಾಗೆಯೇ ಕುಡಿಯಬಾರದು. ತಲೆಸುತ್ತು, ವಾಂತಿ ಆದರೆ ನೆರಳಿಗೆ ಕರೆತಂದು, ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಸ್ವಲ್ಪಸ್ವಲ್ಪವಾಗಿ ಕುಡಿಸಿ. ಸಕ್ಕರೆ ಉಪ್ಪನ್ನು ಮನೆಯಲ್ಲೇ ಅಳೆದು ಪೊಟ್ಟಣ ಕಟ್ಟಿ. ಹಿಡಿದ ಮೀನಿನ ಕಿವಿರು, ಕರುಳು ತೆಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗಿಡಿ. ಗಾಳಿ ಆಡಿದಷ್ಟೂ ಗೋಣಿ ತಂಪಾಗುತ್ತದೆ. ದೂರದ ದಾರಿಯಾದರೆ ಮಂಜುಗಡ್ಡೆಯ ಡಬ್ಬ ಬೇಕು. ಊರಿಗೆ ಬರುವಾಗ ಮುಚ್ಚಿ ತನ್ನಿ. ನಮ್ಮ ನೆರೆಹೊರೆಯವರಲ್ಲಿ ಲಿಂಗಾಯತರೂ ಜೈನರೂ ಹೆಚ್ಚು. ಅವರು ನೀರು ತುಂಬುವ, ಪೂಜೆಗೆ ಇಳಿಯುವ ಘಟ್ಟದಲ್ಲಿ ಮೀನು ತೊಳೆಯಬಾರದೆಂದು ನಾನು ಹೇಳಬೇಕಾಗಿಲ್ಲ.

ಈ ಪಟ್ಟಿಯನ್ನು ಧರ್ಮೋಪದೇಶದ ತರಗತಿಯಲ್ಲಿ ಓದಿದಾಗ ಒಬ್ಬ ಜಾಣ ಹುಡುಗ ಎದ್ದು ನಿಂತ. "ಫಾದರ್, ಯೇಸುಸ್ವಾಮಿ ಶಿಷ್ಯರಿಗೆ ಕೋಲೊಂದನ್ನು ಬಿಟ್ಟು ಚೀಲ, ರೊಟ್ಟಿ ಏನೂ ಬೇಡ ಅಂದಿದ್ರಲ್ರಿ?" ಎಂದ. ಮಾರ್ಕನ 6ನೆಯ ಅಧ್ಯಾಯವನ್ನು ಓದಿಕೊಂಡೇ ಬಂದಿದ್ದ. ಅವರನ್ನು ಕಳುಹಿಸಿದ್ದು ಮೀನು ಹಿಡಿಯಲು ಅಲ್ಲ, ಜನರ ಮನೆಗಳಿಗೆ ಎಂದೆ. ಮನೆಯವರು ಊಟ ಕೊಡುತ್ತಾರೆ, ಹೊಳೆ ಕೊಡುವುದಿಲ್ಲ. ಅದೇ ಪ್ರಭು ಲೂಕನ 22ನೆಯ ಅಧ್ಯಾಯದಲ್ಲಿ, ಚೀಲವಿದ್ದವನು ಈಗ ತೆಗೆದುಕೊಳ್ಳಲಿ ಎಂದೂ ಹೇಳಿದ್ದಾರೆ. ಹುಡುಗ ಒಪ್ಪಿದಂತೆ ಕಾಣಲಿಲ್ಲ. ಆದರೆ ಹಗ್ಗ ಎಸೆಯುವ ಅಭ್ಯಾಸದಲ್ಲಿ ಬಕೆಟ್ಟಿಗೆ ಮೊದಲು ಗುರಿ ಹೊಡೆದವನು ಅವನೇ.

ಕೊನೆಯದಾಗಿ, ಒಂದು ವಸ್ತುವನ್ನು ಚೀಲದಲ್ಲಿ ಇಡದೆ ಮನೆಯಲ್ಲೇ ಬಿಟ್ಟು ಹೋಗಬೇಕು. ಅದು ಒಂದು ಚೀಟಿ. ಯಾರ್ಯಾರು ಹೋಗಿದ್ದಾರೆ, ಯಾವ ಊರಿನ ಯಾವ ಘಟ್ಟ, ಎಷ್ಟು ಗಂಟೆಗೆ ಹಿಂದಿರುಗುತ್ತಾರೆ, ಯಾರ ಫೋನ್ ಜೊತೆಗಿದೆ ಎಂದು ಬರೆದು ದೇವರ ಪೀಠದ ಬಳಿ ಇಡಿ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಿರಿ. ಬರೆದ ಗಂಟೆ ದಾಟಿ ಒಂದು ಗಂಟೆಯಾದರೂ ಬಾರದಿದ್ದರೆ, ಫೋನೂ ಹತ್ತದಿದ್ದರೆ, "ಬಂದಾರು ತಗೊ" ಎಂದು ಕೂರದೆ 112ಕ್ಕೆ ಕರೆ ಮಾಡಿ. ಘಟ್ಟವನ್ನು ನಡುವೆ ಬದಲಿಸಿದರೆ ಮನೆಗೆ ತಿಳಿಸಬೇಕೆಂದು ಮಕ್ಕಳಿಂದ ಮಾತು ತೆಗೆದುಕೊಳ್ಳಿ.

ಹಗ್ಗ ಕೊಳ್ಳಲು ಅನುಕೂಲವಿಲ್ಲದವರು ಸಂಕೋಚಪಡಬೇಡಿ. ಕ್ಯಾನು ಕಟ್ಟಿದ ಎರಡು ಹಗ್ಗಗಳು ನಮ್ಮ ಗುರುಮನೆಯ ಜಗುಲಿಯಲ್ಲಿ ಗೂಟಕ್ಕೆ ತೂಗುಹಾಕಿವೆ. ಯಾವ ಧರ್ಮದವರಾದರೂ ಒಯ್ಯಬಹುದು, ನನ್ನನ್ನು ಕೇಳಬೇಕೆಂದೂ ಇಲ್ಲ. ತಂದಾಗ ಒಣಗಿಸಿ ತನ್ನಿ, ಒದ್ದೆ ಹಗ್ಗವನ್ನು ಇಲಿ ಕಡಿಯುತ್ತದೆ.